ಒಂದು ಬಾಗಿಲು, ಎರಡು ಬೀಗ

"ಯಜಮಾನ್ರ, ಇಲ್ಲಿ ಕಿರಿಸ್ತಾನ್ರ ಗುಡಿ ಎಲ್ಲಿ ಬರ್ತೈತ್ರಿ?"

ಹೊಲದ ಬದುವಿನ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದ ರೈತ ನನ್ನನ್ನೂ ನನ್ನ ತಗಡಿನ ಟ್ರಂಕನ್ನೂ ಮೇಲಿಂದ ಕೆಳಗಿನವರೆಗೆ ನೋಡಿದ. ಸವಣೂರಿನಲ್ಲಿ ಬಸ್ಸು ಹತ್ತಿದವಳು ಹತ್ತಿಮತ್ತೂರು ದಾಟಿದ ಮೇಲೆ ಎಲ್ಲಿ ಇಳಿಯಬೇಕೋ ಅಲ್ಲಿ ಇಳಿಯದೆ, "ಇಲ್ಲಿಂದ ಅಡ್ಡದಾರಿ ಹತ್ರ ಐತ್ರಿ" ಎಂದ ಕಂಡಕ್ಟರನ ಮಾತು ನಂಬಿ ಇಳಿದುಬಿಟ್ಟಿದ್ದೆ. ಇದೇ ಟ್ರಂಕು ಹೊತ್ತು ತಿರುಗಿದ ರಂಗೂನಿನಲ್ಲಿ ದಾರಿ ತಪ್ಪಲಿಲ್ಲ, ನೈರೋಬಿಯಲ್ಲಿ ತಪ್ಪಲಿಲ್ಲ. ಇಲ್ಲಿ, ಜೋಳದ ನಡುವೆ, ತಪ್ಪಿದೆ.

"ಸಿಟ್ಟಿನ ಮಂದಿ ಗುಡಿನಾ?" ಎಂದ ಆತ.

"ಅಲ್ರಿ, ಏಸುಸ್ವಾಮಿ ಗುಡಿ."

"ಅದನ್ನ ಹೇಳಾಕತ್ತೇನ್ರಿ ಬಾಯಾರ. ಮೊದಲ ಅವರು ಭಾಳ ಶಾಂತ ಮಂದಿ ಇದ್ರು. ನಮ್ಮಪ್ಪ, ಕಾಕಾ ಹೊಲ ಪಾಲು ಮಾಡ್ಕೊಂಡಾಗ ನಡುವ ಬಾಂದಿನ ಕಲ್ಲು ಹುಗಿಸಿದ್ದು ಅಲ್ಲೀ ಹಿರೇರು. ಇವತ್ತಿಗೂ ಆ ಕಲ್ಲು ಅಲುಗಿಲ್ಲ. ಈಗ ನಾವ ಹೋಗಿ ಅವರ ಗುಡಿಯೊಳಗ ಬಾಂದಿನ ಕಲ್ಲು ಹುಗೀಬೇಕು, ಹಂಗ ಆಗೇತಿ."

"ದಾರಿ ಹೇಳ್ರಿ ಯಪ್ಪಾ, ಬಿಸಲು ಏರಾಕತ್ತೇತಿ."

"ನೆಟ್ಟಗ ಹೋಗ್ರಿ. ಹಳ್ಳ ದಾಟಿದ ಮ್ಯಾಲ ಎಡಕ್ಕೋ ಬಲಕ್ಕೋ ಅಂತ ಯಾರನ್ನೂ ಕೇಳಬ್ಯಾಡ್ರಿ. ಇವತ್ತ ಐತಾರ, ಹಾಡು ಹಚ್ಚಿರ್ತಾರ. ದನಿ ಹಿಡಕೊಂಡು ಹೋಗ್ರಿ."

ಹಾಗೇ ಹೋದೆ. ತಪ್ಪಲಿಲ್ಲ.

ಇಂಥ ಪ್ರಸಂಗಗಳು ನನ್ನ ಪಾಲಿಗೆ ಬರುತ್ತಲೇ ಇರುತ್ತವೆ. ನಾನು ಹುಡುಕಿಕೊಂಡು ಹೋಗುವುದಿಲ್ಲ, ಅವೇ ಟ್ರಂಕಿನ ಹಿಂದೆ ಬರುತ್ತವೆ. ಆಗ ನಯಾಪೈಸೆ ಹೊಸದಾಗಿ ಬಂದ ಕಾಲ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಸಂತೆಗಳಲ್ಲಿ ಸುವಾರ್ತೆಯ ಸಣ್ಣ ಪುಸ್ತಕ ಮಾರುವುದು ನನ್ನ ಕೆಲಸ. ನಾನೂ ಅದೇ ಕ್ರಿಸ್ತ ಸಭೆಯ ಮಗಳು. ಆದ್ದರಿಂದ ಮುಂದಿನದನ್ನು ಹೇಳಿ ನಗುವುದಕ್ಕೆ ನನಗೆ ಸ್ವಲ್ಪ ಹಕ್ಕಿದೆ. ಊರಿನ ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ಅಲ್ಲಿಯವರು ಬಂದು ಜಗಳ ತೆಗೆಯುತ್ತಾರೆ, ಅದೂ ಎರಡು ಗುಂಪಾಗಿ.

೧. ಮೆಟ್ಟಿಲ ಮೇಲೆ ಕೂತವರು

ಗುಡಿ ಸಣ್ಣದು, ಹಂಚಿನದು. ಬಾಗಿಲು ಮಾತ್ರ ಸಾಗವಾನಿಯದು, ಭಾರಿ. ಅದರ ಮೇಲೆ ಎರಡು ಬೀಗ. ಗುಡಿಯ ಮೂಡಣ ಕಟ್ಟೆಯ ಮೇಲೆ ಹಳೆ ಪಾದ್ರಿ ಹಾರ್ಮೋನಿಯಂ ಮುಂದಿಟ್ಟುಕೊಂಡು ತಮ್ಮ ಮಂದಿಯೊಡನೆ ಎಳೆದೆಳೆದು ಹಾಡುತ್ತಿದ್ದರು. ಪಡುವಣ ಬೇವಿನ ಗಿಡದ ಕೆಳಗೆ ಹೊಸ ಪಾದ್ರಿ ಗಿಟಾರು ತೂಗುಹಾಕಿಕೊಂಡು ತಮ್ಮ ಮಂದಿಯಿಂದ ಚಪ್ಪಾಳೆ ಹೊಡೆಸುತ್ತಿದ್ದರು. ನಡುವೆ, ಮುಚ್ಚಿದ ಬಾಗಿಲ ಮೆಟ್ಟಿಲ ಮೇಲೆ, ಬಿಳಿ ರುಮಾಲಿನ ಮುದುಕರೊಬ್ಬರು ಒಬ್ಬರೇ ಕೂತಿದ್ದರು. ರೈತ ಹೇಳಿದ ಹಿರಿಯರು ಅವರೇ. ಕಸುಬಿನಲ್ಲಿ ಬಡಿಗ. ಆ ಬಾಗಿಲು ಅವರ ಕೈಯದೇ.

ನಡೆದದ್ದಿಷ್ಟು. ಬಿಳಿಯ ಸಾಹೇಬರು ಗುಡಿಯನ್ನು ಇಲ್ಲಿಯವರಿಗೆ ಬಿಟ್ಟು ತಮ್ಮ ದೇಶಕ್ಕೆ ಹೋದಾಗ ಕೀಲಿಕೈ ಹಳೆ ಪಾದ್ರಿಯ ಕೈಗೆ ಬಂತು. ಅಷ್ಟರಲ್ಲಿ ಪಟ್ಟಣದಲ್ಲಿ ಕಲಿತು ಬಂದ ಹೊಸ ಪಾದ್ರಿ, ಚಪ್ಪಾಳೆಯಿಲ್ಲದ ಹಾಡು ಮೇಲಕ್ಕೆ ಮುಟ್ಟುವುದಿಲ್ಲ, ಮುಳುಗಿಸದ ದೀಕ್ಷಾಸ್ನಾನ ಸ್ನಾನವೇ ಅಲ್ಲ ಎಂದರು. ಹಳಬರು ಬೀಗ ಹಾಕಿದರು. ಇನ್ನೊಬ್ಬರ ಬೀಗ ಒಡೆಯುವುದು ಪಾಪ. ಆದರೆ ಬೀಗ ಹಾಕುವುದು ಪಾಪವೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಹಾಗಾಗಿ ಹೊಸಬರು ಹಳೆಯದನ್ನು ಮುಟ್ಟದೆ, ಪಕ್ಕಕ್ಕೆ ತಮ್ಮದೊಂದನ್ನು ಜಡಿದರು.

"ಬರ್ರಿ ಬಾಯಾರ, ಕುಂದರ್ರಿ" ಎಂದು ಹಿರಿಯರು ಮೆಟ್ಟಿಲ ಮೇಲೆ ಜಾಗ ಬಿಟ್ಟುಕೊಟ್ಟರು.

"ನೀವು ಯಾವ ಕಡೆಯವರ್ರಿ?"

"ಹುಟ್ಟಿದ್ದು ಆ ಕಡೆ. ಸುಗ್ಗಿ ಮುಗದ ಮ್ಯಾಲ ಮೊಮ್ಮಗಳ ಲಗ್ನ ಐತಿ, ಅದು ಈ ಕಡೆ. ಹಿರೇಕೆರೂರು ಕಡೇ ಹುಡುಗ. ಚಪ್ಪಾಳಿ ಮಂದಿ. ಆದ್ರ ಚಲೋ ಹುಡುಗ ಬಿಡ್ರಿ. ಹುಡುಗಿ ಒಪ್ಪ್ಯಾಳ, ಬೀಗ್ರು ಒಪ್ಪ್ಯಾರ, ಬೀಗ ಒಪ್ಪವಲ್ಲವು." ಅವರು ಬಾಗಿಲ ಮೇಲಿನ ಹೂಬಳ್ಳಿಯ ಕೆತ್ತನೆಯನ್ನು ಬೆರಳಿನಿಂದ ಸವರಿದರು. "ಈ ಬಾಗಿಲ ಒಳಗಿಂದ ಅಕಿ ಗಂಡನ ಮನಿಗೆ ಹೋಗಬೇಕ್ರಿ. ನನಗ ಇನ್ನೇನೂ ಬ್ಯಾಡ."

ಊರ ಗೌಡರು ಶಿವಭಕ್ತರು, ಆದರೂ ತಮ್ಮ ಕಟ್ಟೆಯ ಮೇಲೆ ನ್ಯಾಯ ಕೂಡಿದಾಗಲೆಲ್ಲ ಈ ಹಿರಿಯರನ್ನು ಕರೆಸುತ್ತಿದ್ದರಂತೆ. ಈಗ ಕರೆಯುವುದಿಲ್ಲವೇ ಎಂದೆ.

"ಕರೀತಾರ. ನಾನ ಹೋಗೂದು ಬಿಟ್ಟೇನಿ. ಹೋಗಿ ಏನಂತ ಹೇಳ್ಲಿ? 'ಅಣ್ಣತಮ್ಮಂದ್ರು ಕೂಡಿ ಇರ್ರಪಾ' ಅಂದ್ರ, 'ಮೊದ್ಲ ನಿಮ್ಮ ಬಾಗಿಲ ತಗಸ್ರಿ ಅಜ್ಜಾರ' ಅಂತಾರ. ಖರೇನ ಐತಲ್ಲ."

ಎರಡೂ ಕಡೆಯಿಂದ ಹಾಡು ನುಗ್ಗುತ್ತಿತ್ತು. "ಈ ಗದ್ದಲದಾಗ ನಿಮಗೇನರ ತಿಳೀತೈತೇನ್ರಿ?" ಎಂದು ಕೇಳಿದೆ.

"ತಿಳಿಯಲಾರದೇನ್ರಿ? ಇಬ್ರೂ ಒಂದ ಹಾಡು ಹಾಡಾಕತ್ತಾರ! ಹಳಬ್ರು ಎರಡನೇ ನುಡಿಗೆ ಬರೂದ್ರೊಳಗ ಹೊಸಬ್ರು ಪೂರಾ ಮುಗಿಸಿ ಮತ್ತ ಸುರು ಮಾಡ್ಯಾರ, ಅಷ್ಟ."

೨. ಹಾನಗಲ್ಲಿನ ಮೇಳ

ಅದಾದ ಕೆಲವು ದಿನಕ್ಕೆ ಹಾನಗಲ್ಲಿನ ಸಂತೆಯಲ್ಲಿ ಇಬ್ಬರೂ ಪಾದ್ರಿಗಳು ಮತ್ತೆ ಕಣ್ಣಿಗೆ ಬಿದ್ದರು. ಆಗ ಧ್ವನಿವರ್ಧಕದ ಹುಚ್ಚು ಹೊಸದು. ಮದುವೆಗೂ ಅದೇ, ನಾಟಕಕ್ಕೂ ಅದೇ, ಉಪದೇಶಕ್ಕೂ ಅದೇ. ಹೊಸ ಪಾದ್ರಿ ಮೈಕು ಬಾಡಿಗೆಗೆ ಹಿಡಿದರೆಂದು ತಿಳಿದು ಹಳೆ ಪಾದ್ರಿಯೂ ಹಿಡಿದರು. ತೊಂದರೆ ಏನೆಂದರೆ ಸಂತೆಯ ದಿನಕ್ಕೆ ಸಿಕ್ಕುವ ಮೈಕಿನವ ಒಬ್ಬನೇ. ಇಬ್ಬರಿಂದಲೂ ಅವನೇ ಮುಂಗಡದ ವೀಳ್ಯ ತೆಗೆದುಕೊಂಡಿದ್ದ.

"ಇಬ್ರಿಗೂ ಒಪ್ಪಿಕೊಂಡ್ಯಲ್ಲಪಾ?" ಎಂದು ಕೇಳಿದೆ.

"ಒಂದ ದೇವರ ಮಂದಿ ಅಲ್ಲೇನ್ರಿ ಇವ್ರು? ಒಂದ ಲಗ್ನಕ್ಕ ಹೆಣ್ಣಿನ ಕಡ್ಯಾವ್ರು, ಗಂಡಿನ ಕಡ್ಯಾವ್ರು ಇಬ್ರೂ ಬಂದು ಹೇಳಿ ಹೋದಂಗ ತಿಳಕೊಂಡೆ."

ಬಜಾರದ ಈ ತುದಿಗೆ ಒಬ್ಬರು, ಆ ತುದಿಗೆ ಒಬ್ಬರು. ಇಬ್ಬರ ಕೈಗೂ ಒಂದೊಂದು ಮೈಕು ಕೊಟ್ಟು, ಎರಡೂ ತಂತಿಗಳನ್ನು ಒಂದೇ ಪೆಟ್ಟಿಗೆಗೆ ಸಿಕ್ಕಿಸಿ, ನಡುವಿನ ಬಿದಿರಿನ ಕಂಬಕ್ಕೆ ಕಟ್ಟಿದ್ದ ಕಹಳೆಗೆ ಜೋಡಿಸಿಬಿಟ್ಟ.

"ಪ್ರಿಯರೇ, ದೇವರು ಶಾಂತಿಯ ದೇವರು" ಎಂದಿತು ಕಹಳೆ, ಹಳೆ ಪಾದ್ರಿಯ ದನಿಯಲ್ಲಿ.

"ಎದ್ದೇಳಿರಿ! ಇನ್ನೂ ಎಷ್ಟು ದಿನ ಮಲಗುತ್ತೀರಿ?" ಎಂದಿತು ಅದೇ ಕಹಳೆ, ಹೊಸ ಪಾದ್ರಿಯ ದನಿಯಲ್ಲಿ.

"ಆತನನ್ನು ಮೌನದಲ್ಲಿ ಹುಡುಕಬೇಕು."

"ಕೈ ತಟ್ಟಿ ಕೂಗಿ ಕರೆಯಬೇಕು!"

"ಕೂಗುವ ಕೊಡ ತುಂಬಿದ್ದಲ್ಲ ಎಂದು ನಾನು ಹೇಳುತ್ತೇನೆ."

"ತುಕ್ಕು ಹಿಡಿದ ಕೊಡದ ಬಗ್ಗೆ ನಾನು ಏನೂ ಹೇಳುವುದಿಲ್ಲ!"

ಅಲ್ಲಿಂದ ಮುಂದೆ ಇಬ್ಬರೂ ಸಂತೆಯನ್ನು ಮರೆತು ಕಹಳೆಗೇ ಉತ್ತರ ಕೊಡತೊಡಗಿದರು. ಬೆಲ್ಲದವರು ಬೆಲ್ಲ ಬಿಟ್ಟು, ಬಳೆಗಾರರು ಬಳೆ ಬಿಟ್ಟು ಕಂಬದ ಕೆಳಗೆ ಕೂಡಿದರು. ನಮ್ಮ ಸೀಮೆಯ ಲಾವಣಿಯಲ್ಲಿ ಎರಡು ಮೇಳಗಳು ಎದುರುಬದುರು ಕೂತು, ಒಂದು ಗಂಡು ಹೆಚ್ಚೆಂದು, ಇನ್ನೊಂದು ಹೆಣ್ಣು ಹೆಚ್ಚೆಂದು ವಾದ ಹಾಡುತ್ತವಲ್ಲ, ಆ ಹರದೇಶಿ–ನಾಗೇಶಿ ಇದೇ ಎಂದು ಜನ ತಿಳಿದರು. ಒಳ್ಳೆಯ ಏಟು ಬಿದ್ದಾಗೆಲ್ಲ "ಶಹಬ್ಬಾಸ್!" ಎಂದರು. ಅಡಿಕೆ ವ್ಯಾಪಾರಿಯೊಬ್ಬರು ಗೆದ್ದವರಿಗೆ ಆಯೇರು ಮಾಡಲು ತೆಂಗಿನಕಾಯಿ ಹಿಡಿದು ಬಂದು, ಯಾರು ಗೆದ್ದರೆಂದು ತಿಳಿಯದೆ ಕೊನೆಗೆ ಅದನ್ನು ಮೈಕಿನವನ ಉಡಿಗೆ ಹಾಕಿದರು.

ಅವತ್ತು ನನ್ನ ಒಂದು ಪುಸ್ತಕವೂ ಹೋಗಲಿಲ್ಲ. ಹಿಂದೆಲ್ಲ ಇದೇ ವ್ಯಾಪಾರಿ ನನ್ನ ಟ್ರಂಕು ಕಂಡರೆ ಚಪ್ಪಲಿ ಬಿಟ್ಟು ಬಂದು ಪುಸ್ತಕ ಮುಟ್ಟುತ್ತಿದ್ದವರು. ಅವತ್ತು ಚಪ್ಪಲಿ ಮೆಟ್ಟಿಕೊಂಡೇ ಬಂದರು.

"ಎಲ್ಲಾ ಚಲೋ ಇತ್ರಿ ಬಾಯಾರ" ಎಂದರು. "ಒಂದ ಕೊರತಿ. ಮುಂದಿನ ಸಲ ಬಾರಿಸಾಕ ದಪ್ಪು, ತುಂತುಣಿ ತರಾಕ ಹೇಳ್ರಿ. ರಂಗ ಏರತೈತಿ."

೩. ಎತ್ತಿದ ಕೈಗಳು

ಹಂಸಭಾವಿಯ ಹತ್ತಿರದ ಒಂದು ಹಳ್ಳಿಗೆ ನಾನು ಹೋದಾಗ ಎದುರಿಗೆ ಬಂದ ಹೊಸ ಪಾದ್ರಿಯ ಮುಖದಲ್ಲಿ ಬೆಳಕೋ ಬೆಳಕು. "ಅಕ್ಕಾ, ಊರಿಗೆ ಊರೇ ಕೈ ಎತ್ತಿತು!" ಎಂದರು. ಆಗ ಅದೊಂದು ಹೊಸ ಪದ್ಧತಿ. ಉಪದೇಶ ಮುಗಿದ ಮೇಲೆ, ಯಾರಿಗೆ ನಂಬಿಕೆ ಬಂತೋ ಅವರು ಕೈ ಎತ್ತಬೇಕು. ಎಣಿಸಿಕೊಂಡು ಮೇಲಿನವರಿಗೆ ವರದಿ ಕಳಿಸಬೇಕು.

ಮರುವಾರ ಹಳೆ ಪಾದ್ರಿ ಸಿಕ್ಕರು. ಈ ಕೈ ಎತ್ತಿಸುವುದೆಲ್ಲ ಬೂಟಾಟಿಕೆ ಎನ್ನುತ್ತಿದ್ದವರು ಅವರು. "ಹೊಸಬರದು ಹುಸಿ ಎಂದು ತೋರಿಸಲು ನಾನೂ ಅದೇ ಹಳ್ಳಿಯಲ್ಲಿ ಕೈ ಎತ್ತಿಸಿ ನೋಡಿದೆ ಅಕ್ಕಾ. ಊರಿಗೆ ಊರೇ ಎತ್ತಿತು!" ಎಂದರು. ಅವರ ಮುಖದಲ್ಲೂ ಬೆಳಕು.

ನನಗೆ ತಡೆಯಲಿಲ್ಲ. ಆ ಹಳ್ಳಿಯ ಚಾದಂಗಡಿಯ ಮುಂದೆ ಕೂತಿದ್ದ ಒಬ್ಬ ಯಜಮಾನನನ್ನು ಕೇಳಿಯೇಬಿಟ್ಟೆ. "ಕಾಕಾ, ಇಬ್ರಿಗೂ ಕೈ ಎತ್ತಿದ್ರ್ಯಂತ?"

"ಎತ್ತಿದ್ವಿ."

"ಇಬ್ರಿಗೂ ಒಬ್ರಿಗೊಬ್ರು ಆಗೂದಿಲ್ಲ, ಗೊತ್ತೈತಿಲ್ಲೋ?"

"ಗೊತ್ತೈತ್ರಿ. ಆದ್ರ ಅದು ಅವರವರ ಮನಿ ಜಗಳ. ಅಷ್ಟು ದೂರದಿಂದ ನಮ್ಮೂರಿಗೆ ಬಂದು ಗಂಟಲ ಹರಕೊಂಡಾರ. ಕೈ ಎತ್ರಿ ಅಂದ್ರ ಎತ್ತಬೇಕಲ್ರಿ? ಒಬ್ರಿಗೆ ಎತ್ತಿ ಇನ್ನೊಬ್ರಿಗೆ ಬಿಟ್ರ ಬ್ಯಾಸರ ಮಾಡ್ಕೊತಾರ. ಶರಣರು ಬಂದ್ರೂ ಎತ್ತೇವಿ, ಫಕೀರ ಬಂದ್ರೂ ಎತ್ತೇವಿ." ಆಮೇಲೆ ನನ್ನ ಟ್ರಂಕಿನ ಕಡೆ ನೋಡಿ, ಬಿಸಿಲಲ್ಲಿ ಬಂದ ಹೆಂಗಸು ಎಂದು ಕನಿಕರಪಟ್ಟು, "ನಿಮಗೂ ಒಂದ್ಸಲ ಎತ್ತೂಣೇನ್ರಿ?" ಎಂದ.

"ನನಗ ಎತ್ತಬ್ಯಾಡ್ರಿ ಕಾಕಾ. ಆ ಕೈ ಕಿಸೇದಾಗ ಹಾಕಿ ಒಂದ ಪುಸ್ತಕ ತಗೋರಿ, ಸಾಕು."

ಯಜಮಾನ ಗಾಬರಿಯಾಗಿ ಎದ್ದ. "ಏ ಬ್ಯಾಡ್ರಿ ಯವ್ವಾ. ಅಷ್ಟು ದೊಡ್ಡ ಬದಲಾವಣಿ ನಮಗ ತಡಿಯೂದಿಲ್ಲ!"

೪. ದರ್ಜಿಯ ನೀರು

ಸವಣೂರಿನಲ್ಲಿ ನಮ್ಮವನೇ ಒಬ್ಬ ದರ್ಜಿ ಇದ್ದ. ಯಾರಿಗೂ ಇಲ್ಲ ಎನ್ನಲಾರದ ಮನುಷ್ಯ. ಹಬ್ಬದ ಹಿಂದಿನ ದಿನವೂ ಬಟ್ಟೆ ಹಿಡಿದು ಬಂದವರಿಗೆ "ಆಗ್ಲಿರಿ" ಎನ್ನುವವ. ಕೂಸಿದ್ದಾಗ ಹಳೆ ಪಾದ್ರಿ ತಲೆಯ ಮೇಲೆ ನೀರು ಚಿಮುಕಿಸಿ ಹೆಸರಿಟ್ಟಿದ್ದರು. ಹೊಸ ಪಾದ್ರಿ ಬಂದು, ಅದು ನಡೆಯುವುದಿಲ್ಲ ಎಂದು ಕೆರೆಯಲ್ಲಿ ಮುಳುಗಿಸಿದರು. ಹಳೆ ಪಾದ್ರಿಗೆ ಸುದ್ದಿ ಮುಟ್ಟಿತು. ಕೆರೆಯಲ್ಲಿ ಮುಳುಗಿದ್ದು ತಪ್ಪಾಯಿತೆಂದು ಒಪ್ಪಿಕೊಂಡು ಮತ್ತೆ ನೀರು ಹಾಕಿಸಿಕೊ ಎಂದರು. ದರ್ಜಿ ಅದಕ್ಕೂ "ಆಗ್ಲಿರಿ" ಎಂದ.

ಅವತ್ತು ನಾನು ರವಿಕೆ ಹೊಲಿಸಲು ಅಲ್ಲೇ ಕೂತಿದ್ದೆ. ಇಬ್ಬರೂ ಪಾದ್ರಿಗಳು ಒಟ್ಟಿಗೇ ಅಂಗಡಿಯ ಮುಂದೆ ಬಂದು, ಯಾವ ನೀರು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ವಾದಕ್ಕೆ ನಿಂತರು. ದರ್ಜಿ ಮೂಗು ಒರೆಸುತ್ತ ತಲೆ ತಗ್ಗಿಸಿ ಮಷೀನು ತುಳಿಯುತ್ತಿದ್ದ. ಒಳಗಿನಿಂದ ಅವನ ಹೆಂಡತಿ ಖಾಲಿ ಕೊಡ ಹಿಡಿದು ಹೊರಗೆ ಬಂದಳು.

"ಮೊದಲ್ನೇ ಸಲ ಹಾಕಿದಾಗ ಅತ್ತಾನಂತ, ನಮ್ಮತ್ತಿ ಹೇಳ್ಯಾರ. ಎರಡನೇ ಸಲಕ್ಕ ನೆಗಡಿ ಹತ್ತಿದ್ದು ಇನ್ನೂ ಬಿಟ್ಟಿಲ್ಲ. ಹಾಸಿಗಿ ಬಿಟ್ಟು ಏಳೂ ಹೊತ್ತೂ ಬದಲಾಗಿಲ್ಲ, ನಶ್ಯಾ ಏರ್ಸೂದೂ ಬಿಟ್ಟಿಲ್ಲ." ಕೊಡವನ್ನು ಇಬ್ಬರ ನಡುವೆ ಇಟ್ಟಳು. "ಇಷ್ಟ ನೀರು ಹಿತ್ತಲದಾಗಿನ ನುಗ್ಗಿ ಗಿಡಕ್ಕ ಹಾಕಿದ್ರ ಕಾಯಾದ್ರೂ ಬಿಡ್ತಿತ್ತು. ಮೂರನೇದು ಹಾಕಾವ್ರು ಯಾರು? ಹಂಗಾರ ಹೋಗ್ರಿ, ಬಾವಿಯಿಂದ ನೀವ ಸೇದಕೊಂಡು ಬರ್ರಿ. ಬರೂವಾಗ ನನಗೂ ಒಂದ ಕೊಡ ಇರ್ಲಿ."

೫. ಗೌಡರ ಬೀಗ

ಸುಗ್ಗಿ ಮುಗಿಯಿತು. ಹಿರಿಯರ ಮೊಮ್ಮಗಳ ಮದುವೆಗೆ ನಾನು ಹಿಂದಿನ ದಿನವೇ ಹೋಗಿ ಇಳಿದೆ. ಹಿರಿಯರು ಇಬ್ಬರೂ ಪಾದ್ರಿಗಳ ಮನೆಗೆ ಚಪ್ಪಲಿ ಸವೆಯುವಷ್ಟು ತಿರುಗಿ, ಆ ದಿನ ಬಾಗಿಲು ತೆಗೆಯುತ್ತೇವೆಂಬ ಮಾತು ಪಡೆದಿದ್ದರು. ಊಟ ಗೌಡರ ಕಣದಲ್ಲಿ, ಗೌಡರ ಮನೆಯ ಅಡಿಗೆಯವರ ಕೈಯಿಂದ. ಹಾಗಾದರೆ ಮಾತ್ರ ಊರ ಮಂದಿ ಹಿಂದುಮುಂದು ನೋಡದೆ ಎಲೆಗೆ ಕೂತಾರು ಎಂಬುದು ಗೌಡರೇ ಹೇಳಿಕೊಟ್ಟ ಉಪಾಯ.

ಬೆಳಿಗ್ಗೆ ಎಲ್ಲರೂ ಬಾಗಿಲ ಮುಂದೆ ಕೂಡಿದರು. ಬಿಳಿ ಸೀರೆಯ ಮದುಮಗಳು, ಹೊಸ ಬೂಟು ಕಚ್ಚಿ ಕುಂಟುತ್ತಿದ್ದ ಮದುಮಗ, ಇಬ್ಬರೂ ಪಾದ್ರಿಗಳು, ಅವರ ಕಿಸೆಯಲ್ಲಿ ಒಂದೊಂದು ಕೀಲಿಕೈ.

"ತೆಗೆಯಿರಿ" ಎಂದರು ಹೊಸಬರು.

"ಛೆ, ಮೊದಲು ನೀವು" ಎಂದರು ಹಳಬರು.

ಎಷ್ಟು ಒಳ್ಳೆಯ ನಡತೆ ಎಂದು ನನಗೆ ಒಂದು ಕ್ಷಣ ಸಂತೋಷವೇ ಆಯಿತು. ಆಮೇಲೆ ತಿಳಿಯಿತು. ಮೊದಲು ತೆಗೆದವರು ಮಣಿದ ಹಾಗೆ. ಕೊನೆಗೆ ತೆಗೆದವರು ಮನೆಯ ಯಜಮಾನರ ಹಾಗೆ. ಇಬ್ಬರೂ ಯಜಮಾನರೇ ಆಗಬೇಕು. ಬಿಸಿಲು ಏರಿತು. ಮದುಮಗಳ ಮುಡಿಯ ಹೂವು ಬಾಡಿತು. ಹಿರಿಯರು ಒಮ್ಮೆ ಇವರ ಮುಂದೆ, ಒಮ್ಮೆ ಅವರ ಮುಂದೆ ಕೈ ಜೋಡಿಸಿದರು.

ಅಷ್ಟರಲ್ಲಿ ಗೌಡರು ಆಯೇರಿನ ತಟ್ಟೆ ಹಿಡಿಸಿಕೊಂಡು ಬಂದರು. ವಿಷಯ ಕೇಳಿದರು. ಆಳನ್ನು ಓಡಿಸಿ, ತಮ್ಮ ಕಣಜದ ಕಬ್ಬಿಣದ ಬೀಗ ತರಿಸಿ, ಎರಡು ಬೀಗಗಳ ಪಕ್ಕಕ್ಕೆ ಅದನ್ನೂ ಹಾಕಿದರು. ಮಂದಿ ದಂಗಾಯಿತು.

"ಈಗ ಮೂರಾದ್ವು" ಎಂದರು. "ಮೊದ್ಲ ತಗದವ್ರು ಸೋತಂಗ, ಹೌದಲ್ರಿ? ಹಂಗಾರ ಸೋಲು ನಂದಾಗ್ಲಿ." ತಮ್ಮ ಬೀಗ ತೆಗೆದರು. "ಸೋತ್ನಿ. ಇನ್ನ ನೀವಿಬ್ರೂ ಸೋತಿಲ್ಲ. ತಗೀರಿ."

ನನ್ನ ಕಣ್ಣು ತುಂಬಿ ಬಂತು. ನಮ್ಮ ಪುಸ್ತಕದಲ್ಲಿ ಇರುವುದನ್ನು ಪುಸ್ತಕ ಓದದ ಮನುಷ್ಯ ಮಾಡಿ ತೋರಿಸಿದ್ದ.

ಹಳೆ ಪಾದ್ರಿ ಗಂಟಲು ಸರಿಪಡಿಸಿಕೊಂಡರು. "ಗೌಡ್ರ, ಅದೆಲ್ಲಾ ಖರೆ. ಈಗ ಎರಡ್ನೇದು ಯಾರು ತಗೀಬೇಕ್ರಿ?"

ಗೌಡರು ಆಕಾಶ ನೋಡಿದರು. ಬೀಗವನ್ನು ತಿರುಗಿ ಹಾಕಿದರು. "ಇಬ್ರೂ ಕೂಡಿ ಬಂದು ಕೇಳೂತನ ನಾ ತೆಗೆಯೂದಿಲ್ಲ. ಹಿರೇರ, ಮೊಮ್ಮಗಳ್ನ ಕರಕೊಂಡು ಕಣಕ್ಕ ನಡೀರಿ. ಮಂದಿ ಹಸದೈತಿ."

ಹಿರಿಯರು ಬಾಗಿಲ ಮೇಲೆ ಕೈಯಿಟ್ಟು ನಿಂತುಬಿಟ್ಟರು. ಮೊಮ್ಮಗಳೇ "ನಡೀರಿ ಅಜ್ಜಾ" ಎಂದು ಅವರ ಕೈ ಹಿಡಿದು ಕರೆದೊಯ್ದಳು. ಎಲ್ಲರೂ ಹೋದರು. ಗುಡಿಯ ಮುಂದೆ ಉಳಿದದ್ದು ಇಬ್ಬರು ಪಾದ್ರಿಗಳು, ಮೂರು ಬೀಗಗಳು.

ಕಣದಲ್ಲಿ ಗೌಡರ ಮನೆಯಾಕೆ ಗೌಡಶಾನಿಯವರು ಗೋದಿ ಹುಗ್ಗಿಯ ಹಂಡೆಯ ಪಕ್ಕದಲ್ಲಿ ನಿಂತಿದ್ದರು. "ಬರ್ತಾರೇನ್ರಿ ನಿಮ್ಮವ್ರು?" ಎಂದು ನನ್ನನ್ನು ಕೇಳಿದರು.

"ಅವರು ನನಗ ಗೊತ್ತಿಲ್ಲೇನ್ರಿ ಅಕ್ಕಾರ? ಬರೂ ಕ್ರಿಸ್‌ಮಸ್ಸಿಗೂ ಕೂಡಿ ಬರೂದಿಲ್ಲ."

"ಹುಗ್ಗಿ ಬಡಿಸೂದ್ರೊಳಗ ಬರ್ತಾರ. ಏನ್ ಪಂಥ?"

"ನಾ ಸೋತ್ರ ನಿಮ್ಮ ಆಳುಗೋಳಿಗೆಲ್ಲಾ ನಾಳೆ ರೊಟ್ಟಿ ಬಡೀತೇನಿ" ಎಂದುಬಿಟ್ಟೆ.

ಅವರು ಹಂಡೆಯ ಮುಚ್ಚಳ ತೆಗೆದರು. ತುಪ್ಪ, ಏಲಕ್ಕಿಯ ವಾಸನೆ ಗಾಳಿಗೆ ಸಿಕ್ಕು ಗುಡಿಯ ಕಡೆ ಹೋಯಿತು. ಸ್ವಲ್ಪ ಹೊತ್ತಿಗೆ ಬದುವಿನ ಮೇಲೆ ಎರಡು ಆಕೃತಿಗಳು ಕಂಡವು. ಒಬ್ಬರೇ ನಡೆಯುವಷ್ಟು ಬದು. ಇನ್ನೊಬ್ಬರು ಮೊದಲು ಮುಟ್ಟಿ ಗೌಡರ ಕಿವಿ ತುಂಬಿಯಾರೆಂದು ಇಬ್ಬರಿಗೂ ಅನುಮಾನ. ಹಾಗಾಗಿ ಭುಜಕ್ಕೆ ಭುಜ ಒತ್ತಿಕೊಂಡು, ಒಬ್ಬರ ತೋಳು ಒಬ್ಬರು ಹಿಡಿದೆಳೆಯುತ್ತ, ಓಡು ನಡಿಗೆಯಲ್ಲಿ ಬರುತ್ತಿದ್ದರು. ದೂರದಿಂದ ನೋಡಿದರೆ ಜೀವದ ಗೆಳೆಯರು.

"ಗೌಡ್ರ!" ಎಂದರು ಇಬ್ಬರೂ, ಒಂದೇ ಉಸಿರಿಗೆ.

"ಕೂಡಿ ಬಂದೀರಿ. ಸಾಕು" ಎಂದ ಗೌಡರು ಕಣಜದ ಕೀಲಿಕೈಯನ್ನು ಹಿರಿಯರ ಕೈಯಲ್ಲಿಟ್ಟರು.

ಮೆರವಣಿಗೆ ತಿರುಗಿ ಹೋಯಿತು. ಹಿರಿಯರು ದೊಡ್ಡ ಬೀಗ ತೆಗೆದರು. ಯಾರದೂ ಹಿಂದುಮುಂದಾಗಬಾರದೆಂದು ಪಾದ್ರಿಗಳಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ, ಒಟ್ಟಿಗೇ ಕೀಲಿಕೈ ತಿರುವಿದರು. ಬಾಗಿಲು ತೆರೆಯಿತು. ಒಳಗೆ ಹಳಬರು ಒಮ್ಮೆ, ಹೊಸಬರು ಒಮ್ಮೆ, "ಈಕೆ ನಿನಗೆ ಸಮ್ಮತವೇ?" ಎಂದು ಕೇಳಿದರು. ಬೂಟಿನ ನೋವಿನಲ್ಲಿ ಮದುಮಗ ಎರಡು ಸಲವೂ ಹೂಂ ಎಂದ. "ಎರಡೆರಡು ಸಲ ಕೇಳ್ಯಾರ, ಗಟ್ಟಿ ಲಗ್ನ ಬಿಡವ್ವಾ" ಎಂದಳು ಹಿಂದೆ ನಿಂತ ಊರ ಮುದುಕಿ. ಮೊಮ್ಮಗಳು ಆ ಬಾಗಿಲ ಒಳಗಿಂದ ಹೊರಗೆ ಬಂದಾಗ ಹಿರಿಯರು ಚೌಕಟ್ಟಿಗೆ ಒರಗಿ ನಿಂತು ರುಮಾಲಿನ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

ಊಟಕ್ಕೆ ಗೌಡರು ಹಿರಿಯರನ್ನು ತಮ್ಮ ಎದುರಿಗೇ ಕೂಡಿಸಿಕೊಂಡರು. "ನಾಳೆ ನಮ್ಮ ಕಟ್ಟಿ ಮ್ಯಾಲ ಬರ್ರಿ. ಹಳ್ಳದ ನೀರಿನ ನ್ಯಾಯ ಐತಿ."

"ನಾನೇನು ಹೇಳ್ಲಿ ಗೌಡ್ರ? ನನ್ನ ಮನ್ಯಾಗಿನ ಜಗಳ ನೋಡಿದ್ರ್ಯಲ್ಲ."

"ನೋಡೇನಲ್ರಿ, ಅದಕ್ಕ ಕರ್ಯಾಕತ್ತೇನಿ. ಇವರಿಬ್ರ ನಡುವ ಇಷ್ಟ ದಿನ ಸಿಟ್ಟಿಲ್ಲದ ಕುಂತೀರಿ. ಅಂಥ ಪಂಚರು ನನಗ ಇನ್ನೆಲ್ಲಿ ಸಿಗಬೇಕು? ಆ ಬೀಗನೂ ನಿಮ್ಮ ಕಡೇನ ಇರ್ಲಿ. ಮತ್ತ ಸುರು ಹಚ್ಚಿದ್ರ ಹಾಕ್ರಿ."

ಮರುದಿನ ಬೆಳಿಗ್ಗೆ ಹಿರಿಯರು ರುಮಾಲು ಸುತ್ತಿಕೊಂಡು ಕಟ್ಟೆಯ ಕಡೆ ಹೋಗುವುದನ್ನು ನಾನು ಗೌಡರ ಹಿತ್ತಲಿನಿಂದಲೇ ನೋಡಿದೆ. ಹಿತ್ತಲ ಒಲೆಯ ಮುಂದೆ ಕೂತು ನನ್ನ ಸೋತ ಪಂಥದ ಸಾಲ ತೀರಿಸುತ್ತಿದ್ದೆ. ಗೌಡಶಾನಿಯವರು ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಹೊಲಕ್ಕೆ ಹೊರಟ ಹೆಣ್ಣಾಳುಗಳು ಬುತ್ತಿಯ ಬಟ್ಟೆ ಹಿಡಿದು ಸುತ್ತ ಕೂಡಿದ್ದರು. ಏಳು ಸಮುದ್ರದ ನೀರು ಕಂಡ ಕೈ ನನ್ನದು, ಜೋಳದ ಹಿಟ್ಟಿಗೆ ಮಾತ್ರ ಅದು ಗೊತ್ತಾಗಲಿಲ್ಲ. ಬಡಿದ ಮೊದಲ ರೊಟ್ಟಿಯನ್ನು ಎತ್ತಿ ಹಂಚಿಗೆ ಹಾಕುವಾಗ ಅದು ನಟ್ಟನಡುವೆ ಸೀಳಿ ಎರಡಾಯಿತು.

"ನೋಡ್ರೆವ್ವಾ!" ಎಂದು ಗೌಡಶಾನಿಯವರು ಹೊಟ್ಟೆ ಹಿಡಿದು ನಕ್ಕರು. "ಇವರ ಮಂದಿ ಕೈಯಾಗ ಏನ್ ಕೊಟ್ರೂ ಎರಡು ಪಾರ್ಟಿ ಆಗತೈತಿ!"

ನಾನು ನಾಚಿಕೊಂಡು ತುಂಡುಗಳನ್ನು ಕೂಡಿಸಿ ಒತ್ತಲು ಹೋದೆ. ಅವರು ನನ್ನ ಕೈ ತಡೆದರು.

"ಇರ್ಲಿ ಬಿಡ್ರಿ, ಹಂಗ ಬೇಯಲಿ. ಹಸದವ್ರು ಎರಡೂ ತಿಂತಾರ."